ಒಡೆದ ದನಿಯನ್ನು ಒಲಿಸಿಕೊಂಡ ಜಿಮಿ ಹೆಂಡ್ರಿಕ್ಸ್

ಧ್ವನಿ ಒಡೆದರೆ ಅದು ದೋಷವೆಂದೇ ನಾವೆಲ್ಲರೂ ತಿಳಿದಿದ್ದೇವೆ. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಯಲ್ಲಿ ಲೌಡ್‌ಸ್ಪೀಕರಿನವನು ಹುಮ್ಮಸ್ಸಿನಿಂದ ಗುಂಡಿಯನ್ನು ಪೂರ್ತಿ ತಿರುವಿಬಿಟ್ಟಾಗ ಭಕ್ತಿಗೀತೆಯ ಮಾತು ತಿಳಿಯದಂತಾಗಿ, ಬರಿಯ ಗರಗರ ಸದ್ದು ಕಿವಿಗೆ ಬಡಿಯುವುದುಂಟು. ಆಗ ಹಿರಿಯರೊಬ್ಬರು ಹೋಗಿ ಅವನನ್ನು ಗದರಿಸಿ ಸದ್ದು ಇಳಿಸುತ್ತಾರೆ. ಅದು ಸರಿಯಾದದ್ದೇ. ಆದರೆ ಇದೇ ಒಡೆದ ಸದ್ದನ್ನು ಕುದುರೆಯನ್ನು ಪಳಗಿಸಿದಂತೆ ಪಳಗಿಸಿ, ಅದಕ್ಕೆ ಲಗಾಮು ತೊಡಿಸಿ, ಗ್ರಾಮಫೋನ್ ತಟ್ಟೆಯ ಮೇಲೆ ಕೂರಿಸಿ ಜಗತ್ತಿಗೆ ಕೇಳಿಸಿದವನೊಬ್ಬನಿದ್ದನು. ಆತನೇ ಅಮೆರಿಕದ ನೀಗ್ರೋ ಜನಾಂಗದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್. ಬದುಕಿದ್ದು ಇಪ್ಪತ್ತೇಳೇ ವರ್ಷ. ಹೆಸರುವಾಸಿಯಾಗಿದ್ದು ನಾಲ್ಕೇ ವರ್ಷ. ಆತನ ಕಥೆಯನ್ನು ನಮ್ಮ ಮಕ್ಕಳಿಗೂ ಅವರ ತಾಯಿತಂದೆಯರಿಗೂ ಹೇಳಬೇಕೆಂದು ನಾವು ಇಲ್ಲಿ ಬರೆಯುತ್ತಿದ್ದೇವೆ.

ಜಿಮಿ ಹುಟ್ಟಿದ್ದು 1942ರ ನವೆಂಬರ್ 27ರಂದು, ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದಲ್ಲಿ. ಆಗ ತಂದೆ ಆಲ್ ಹೆಂಡ್ರಿಕ್ಸ್ ಸೈನ್ಯದಲ್ಲಿದ್ದನು. ತಾಯಿ ಲುಸಿಲ್ ಇನ್ನೂ ಹದಿಹರೆಯದವಳು. ಮಗುವಿಗೆ ಮೊದಲು ಜಾನಿ ಆಲನ್ ಎಂದು ಹೆಸರಿಟ್ಟಿದ್ದರು. ಯುದ್ಧ ಮುಗಿದು ಮನೆಗೆ ಬಂದ ತಂದೆ 1946ರಲ್ಲಿ ಅದನ್ನು ಜೇಮ್ಸ್ ಮಾರ್ಷಲ್ ಎಂದು ಬದಲಿಸಿದನು. ಮಾರ್ಷಲ್ ಎಂಬ ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಬರುತ್ತದೆ. ಮನೆಯಲ್ಲಿ ಬಡತನವಿತ್ತು, ಜಗಳವಿತ್ತು, ಕುಡಿತವೂ ಇತ್ತು. ತಾಯಿತಂದೆ ಬೇರೆಯಾದರು. 1958ರಲ್ಲಿ ತಾಯಿ ತೀರಿಕೊಂಡಳು. ಹುಡುಗನಿಗೆ ಆಗ ಹದಿನೈದು ವರ್ಷ.

ಈ ಹುಡುಗನು ಮನೆಯ ಕಸಬರಿಗೆಯನ್ನೇ ಗಿಟಾರಿನಂತೆ ಹಿಡಿದು ನುಡಿಸುವ ಆಟ ಆಡುತ್ತಿದ್ದನು. ಹಾಸಿಗೆಯ ಬಳಿ ಉದುರಿದ್ದ ಕಸಬರಿಗೆಯ ಕಡ್ಡಿಗಳನ್ನು ಕಂಡು ತಂದೆ ಮೊದಲು ರೇಗಿದನಂತೆ, ಆಮೇಲೆ ಕಾರಣ ತಿಳಿದು ಸುಮ್ಮನಾದನಂತೆ. 1957ರ ಸುಮಾರಿಗೆ ಯಾರದೋ ಮನೆಯ ಕಸ ತೆಗೆಯಲು ತಂದೆಯೊಡನೆ ಹೋದಾಗ ಹಳೆಯ ಯುಕುಲೇಲಿ ಎಂಬ ಪುಟ್ಟ ವಾದ್ಯವೊಂದು ಸಿಕ್ಕಿತು. ಅದಕ್ಕೆ ಇದ್ದದ್ದು ಒಂದೇ ತಂತಿ. ಆ ಒಂದೇ ತಂತಿಯ ಮೇಲೆ ಹುಡುಗನು ರೇಡಿಯೋದಲ್ಲಿ ಕೇಳಿದ ಹಾಡುಗಳನ್ನು ಹುಡುಕಿ ಹುಡುಕಿ ನುಡಿಸಿದನು. ಮರುವರ್ಷ ಐದು ಡಾಲರಿಗೆ ಒಂದು ಹಳೆಯ ಗಿಟಾರ್ ಬಂದಿತು. ಅದರ ಮರುವರ್ಷ, ಅಂದರೆ 1959ರಲ್ಲಿ, ತಂದೆ ಒಂದು ವಿದ್ಯುತ್ ಗಿಟಾರನ್ನು ಕೊಡಿಸಿದನು. ಕೂಲಿಯಿಂದ ಜೀವನ ನಡೆಸುವ ತಂದೆಗೆ ಅದು ಸಣ್ಣ ಖರ್ಚಲ್ಲ. ಆದರೆ ಆ ಗಿಟಾರಿಗೆ ಜೊತೆಯಾಗಿ ಬೇಕಾದ ಆಂಪ್ಲಿಫಯರ್ ಇರಲಿಲ್ಲ!

ಹುಡುಗನು ಎಡಗೈಯವನು. ಬಲಗೈಯವರಿಗಾಗಿ ಮಾಡಿದ ಗಿಟಾರನ್ನು ತಲೆಕೆಳಗಾಗಿ ಹಿಡಿದು, ತಂತಿಗಳನ್ನು ಬಿಚ್ಚಿ ತಿರುಗಿ ತನಗೊಗ್ಗುವಂತೆ ಕಟ್ಟಿಕೊಂಡನು. ಮುಂದೆ ಹೆಸರು ಬಂದ ಮೇಲೂ ಆತ ಹೆಚ್ಚಾಗಿ ಹಾಗೆಯೇ ನುಡಿಸಿದ್ದು. ಎಡಗೈಯಲ್ಲಿ ಬರೆಯುವ ಮಕ್ಕಳ ಕೈಗೆ ಏಟು ಕೊಡುವ ರೂಢಿ ಒಂದು ಕಾಲಕ್ಕೆ ನಮ್ಮಲ್ಲಿಯೂ ಇತ್ತೆಂಬುದು ಇಲ್ಲಿ ನೆನಪಾಗುತ್ತದೆ.

1961ರಲ್ಲಿ ಕದ್ದ ಕಾರುಗಳಲ್ಲಿ ಸಿಕ್ಕಿಬಿದ್ದು, ಸೆರೆಮನೆಯ ಬದಲು ಸೈನ್ಯ ಸೇರಿದನು. ಪ್ಯಾರಾಚೂಟಿನಿಂದ ಧುಮುಕುವ ದಳದಲ್ಲಿ ಒಂದು ವರ್ಷವಿದ್ದು 1962ರಲ್ಲಿ ಹೊರಬಿದ್ದನು. ಅನಂತರ ನಾಲ್ಕು ವರ್ಷ ದಕ್ಷಿಣದ ಊರೂರುಗಳಲ್ಲಿ ಇತರ ಗಾಯಕರ ಹಿಂದೆ ನಿಂತು ನುಡಿಸುವ ಕೆಲಸ. ಐಸ್ಲಿ ಬ್ರದರ್ಸ್, ಲಿಟಲ್ ರಿಚರ್ಡ್ ಮೊದಲಾದ ದೊಡ್ಡ ಹೆಸರಿನವರ ಮೇಳಗಳಲ್ಲಿ ಆತನು ಹಿಂದಿನ ಸಾಲಿನ ಆಳು. 1966ರಲ್ಲಿ ನ್ಯೂಯಾರ್ಕಿನ ಒಂದು ಚಿಕ್ಕ ಕಾಫಿಮನೆಯಲ್ಲಿ ಆತನ ವಾದನವನ್ನು ಚಾಸ್ ಚಾಂಡ್ಲರ್ ಎಂಬ ಇಂಗ್ಲೆಂಡಿನ ಸಂಗೀತಗಾರನು ಕೇಳಿ ಬೆರಗಾದನು. ಅದೇ ವರ್ಷ ಸಪ್ಟೆಂಬರ್ 24ರಂದು ಜಿಮಿಯನ್ನು ಲಂಡನ್ನಿಗೆ ಕರೆತಂದನು.

ಇಲ್ಲಿ ಸ್ವಲ್ಪ ನಿಂತು, ಒಡೆದ ಸದ್ದು ಎಂದರೇನೆಂಬುದನ್ನು ನೋಡಬೇಕು. ಇಲ್ಲವಾದರೆ ಮುಂದಿನ ಕಥೆ ತಿಳಿಯದು.

ವಿದ್ಯುತ್ ಗಿಟಾರಿನ ಒಡಲು ಗಟ್ಟಿ ಮರದ್ದು. ವೀಣೆಗಿರುವ ಕೊಡ ಅದಕ್ಕಿಲ್ಲ. ತಂತಿಗಳ ಕೆಳಗೆ ಅಯಸ್ಕಾಂತವೂ ಅದಕ್ಕೆ ಸುತ್ತಿದ ಸಣ್ಣ ತಾಮ್ರದ ಸುರುಳಿಯೂ ಇರುತ್ತವೆ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫಯರ್ ಹಿಗ್ಗಿಸಿ ಸ್ಪೀಕರಿಗೆ ಕಳಿಸುತ್ತದೆ. ಆ ಕಾಲದ ಆಂಪ್ಲಿಫಯರುಗಳಲ್ಲಿ ಅಜ್ಜನ ಕಾಲದ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವುಗಳಿದ್ದವು. ವಾಲ್ವಿಗೆ ಒಂದು ಮಿತಿಯುಂಟು. ಮಿತಿಯೊಳಗೆ ಕೊಟ್ಟರೆ ಧ್ವನಿಯ ಅಲೆಯನ್ನು ಇದ್ದ ಹಾಗೆಯೇ ದೊಡ್ಡದು ಮಾಡುತ್ತದೆ. ಮಿತಿ ಮೀರಿದರೆ ಅಲೆಯ ನೆತ್ತಿಯೂ ತಳವೂ ಕತ್ತರಿಸಿದಂತಾಗಿ ಚಪ್ಪಟೆಯಾಗುತ್ತವೆ. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೂಲಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ಐದು ಪಟ್ಟು ಕಂಪನದ ಮೇಲಿನ ಸ್ವರಗಳೂ ಹುಟ್ಟಿಕೊಳ್ಳುತ್ತವೆ. ವಾಲ್ವು ಈ ಕೆಲಸವನ್ನು ಒಮ್ಮೆಗೇ ಮಾಡದೆ ಮೆಲ್ಲಗೆ ಬಾಗಿಸುತ್ತ ಮಾಡುವುದರಿಂದ ಅದರ ಒಡಕು ಕಿವಿಗೆ ಹಿತವಾದ ಒಡಕು. ಇನ್ನೊಂದು ಲಾಭವೂ ಇದೆ. ಅಲೆಯ ನೆತ್ತಿ ಕತ್ತರಿಸಿ ಹೋಗಿರುವುದರಿಂದ ತಂತಿಯ ಕಂಪನ ಇಳಿಯುತ್ತಿದ್ದರೂ ಸದ್ದು ಬೇಗನೆ ಇಳಿಯದೆ ಸ್ವರ ಬಹಳ ಹೊತ್ತು ನಿಲ್ಲುತ್ತದೆ. ಗಿಟಾರು ಪಿಟೀಲಿನಂತೆ, ಮನುಷ್ಯನ ಕಂಠದಂತೆ ಎಳೆದು ಹಾಡತೊಡಗುತ್ತದೆ.

ನಮ್ಮವರಿಗೆ ಇದು ತೀರ ಹೊಸದೇನೂ ಅಲ್ಲ. ನಮ್ಮ ಸಾಂಗಲಿ ಜಿಲ್ಲೆಯ ಮಿರಜವು ತಂಬೂರಿ ಸಿತಾರುಗಳಿಗೆ ದೇಶಕ್ಕೆಲ್ಲ ಹೆಸರಾದ ಊರು. ಒಮ್ಮೆ ಕತ್ತಿ ಮಸೆಯುತ್ತಿದ್ದ ಶಿಕಲಗಾರ ಮನೆತನದವರು ವಾದ್ಯ ತಯಾರಿಸುವುದಕ್ಕೆ ಇಳಿದು ಆ ಕಸುಬನ್ನು ಅಲ್ಲಿ ಬೆಳೆಸಿದರು. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ನೂಲೆಳೆಯನ್ನು ಜಾಣ್ಮೆಯಿಂದ ಸರಿಸಿದರೆ ಸಪ್ಪೆಯಾಗಿದ್ದ ತಂತಿ ಝೇಂಕರಿಸುತ್ತದೆ. ಷಡ್ಜ ಪಂಚಮಗಳ ಮೇಲೆ ನಾವು ಮೀಟದ ಸ್ವರಗಳೂ ತಾವಾಗಿ ಕೇಳುತ್ತವೆ. ಅಲ್ಲಿ ಝೇಂಕಾರವನ್ನು ಹುಟ್ಟಿಸುವುದು ನೂಲೆಳೆ, ಇಲ್ಲಿ ವಾಲ್ವು. ಮಾರ್ಗ ಬೇರೆ, ಆದರೆ ಸ್ವರಕ್ಕೆ ಮೇಲಿನ ಸ್ವರಗಳನ್ನು ಕೂಡಿಸಿ ಜೀವ ತುಂಬುವ ಬಯಕೆ ಒಂದೇ. ನೂಲು ಕೂದಲೆಳೆಯಷ್ಟು ಹೆಚ್ಚು ಸರಿದರೂ ತಂಬೂರಿ ಬರಿದೆ ಗೊರಗುಟ್ಟುತ್ತದೆಂಬುದನ್ನು ಮರೆಯಬಾರದು.

ಲಂಡನ್ನಿನ ಪಶ್ಚಿಮದ ಹ್ಯಾನ್ವೆಲ್ಲಿನಲ್ಲಿ ಜಿಮ್ ಮಾರ್ಷಲ್ ಎಂಬವನು ವಾದ್ಯಗಳ ಅಂಗಡಿ ಇಟ್ಟಿದ್ದನು. ಡ್ರಮ್ಮು ಕಲಿಸುವುದೂ ಆತನ ವೃತ್ತಿಯಾಗಿತ್ತು. 1962ರಿಂದ ಆತನ ಅಂಗಡಿಯಲ್ಲಿ ಆಂಪ್ಲಿಫಯರುಗಳು ತಯಾರಾಗತೊಡಗಿದವು. 1965ರ ಹೊತ್ತಿಗೆ ಅವು ನೂರು ವಾಟ್ ಶಕ್ತಿಯವಾದವು. ಒಂದೊಂದು ಪೆಟ್ಟಿಗೆಯಲ್ಲಿ ಹನ್ನೆರಡಂಗುಲದ ನಾಲ್ಕು ಸ್ಪೀಕರುಗಳು. ಅಂಥ ಎರಡು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟರೆ ಆಳೆತ್ತರವನ್ನೂ ಮೀರುವ ಗೋಡೆ. ಜಿಮಿಯ ಹೊಸ ಮೇಳಕ್ಕೆ ಡ್ರಮ್ಮು ನುಡಿಸಲು ಬಂದ ಮಿಚ್ ಮಿಚೆಲ್ ಈ ಮಾರ್ಷಲನ ಶಿಷ್ಯ. ಆತನ ಮೂಲಕ ಪರಿಚಯವಾಯಿತು. ಅಂಗಡಿಯವನ ಪೂರ್ಣ ಹೆಸರು ಜೇಮ್ಸ್ ಚಾರ್ಲ್ಸ್ ಮಾರ್ಷಲ್. ಬಂದ ಗಿರಾಕಿಯು ಜೇಮ್ಸ್ ಮಾರ್ಷಲ್ ಹೆಂಡ್ರಿಕ್ಸ್. ಬಿಟ್ಟಿ ಕೇಳಲು ಬಂದವನಿರಬೇಕೆಂದು ಅಂಗಡಿಯವನು ಮೊದಲು ಶಂಕಿಸಿದನು. ಜಿಮಿಯಾದರೋ ಪೂರ್ಣ ಬೆಲೆ ಕೊಡುವುದಾಗಿಯೂ, ಯಾವ ದೇಶದಲ್ಲಿ ಕೆಟ್ಟರೂ ದುರಸ್ತಿಯಾಗುವ ಏರ್ಪಾಡೊಂದಿದ್ದರೆ ಸಾಕೆಂದೂ ಹೇಳಿದನು. ಆಗ ಜಿಮಿಯ ಸಹಾಯಕನಿಗೆ ಮಾರ್ಷಲನ ಅಂಗಡಿಯಲ್ಲಿಯೇ ದುರಸ್ತಿಯ ಪಾಠವಾಯಿತು.

ವೇದಿಕೆಯ ಮೇಲೆ ಗುಡುಗುವುದು ಒಂದು ವಿದ್ಯೆ. ಆ ಗುಡುಗನ್ನು ಅಂಗೈಯಗಲದ ಟೇಪಿನ ಸುರುಳಿಯಲ್ಲಿ ಹಿಡಿಯುವುದು ಬೇರೆಯೇ ವಿದ್ಯೆ. ಇದರ ಮೊದಲ ಪಾಠ 1966ರ ಅಕ್ಟೋಬರಿನಲ್ಲಿ ಡಿ ಲೇನ್ ಲೀ ಎಂಬ ಸ್ಟುಡಿಯೋದಲ್ಲಿ 'ಹೇ ಜೋ' ಹಾಡಿನ ಧ್ವನಿಮುದ್ರಣದ ವೇಳೆಯಲ್ಲಿ ನಡೆಯಿತು. ವೇದಿಕೆಯಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸುತ್ತೇನೆಂದು ಜಿಮಿ ಹಟ ಹಿಡಿದನು. ಮೈಕುಗಳಲ್ಲಿ ಕೋಣೆಯ ಗಡಗಡವೆಲ್ಲ ತುಂಬಿಕೊಳ್ಳುತ್ತದೆ, ಬೇಡವೆಂದು ಚಾಂಡ್ಲರನು ಹೇಳಿದನು. ಜೋರಾಗಿ ನುಡಿಸಲು ಬಿಡದಿದ್ದರೆ ನ್ಯೂಯಾರ್ಕಿಗೇ ಮರಳುತ್ತೇನೆಂದನು ಜಿಮಿ. ಚಾಂಡ್ಲರನ ಕಿಸೆಯಲ್ಲಿ ಅಂದು ಬೆಳಗ್ಗೆಯಷ್ಟೇ ಕಚೇರಿಯಿಂದ ಬಿಡಿಸಿ ತಂದಿದ್ದ ಜಿಮಿಯ ಪಾಸ್‌ಪೋರ್ಟು ಇತ್ತು. ಅದನ್ನು ತೆಗೆದು ಯಂತ್ರದ ಮೇಲಿಟ್ಟು, ಇಗೋ ಹೊರಡು ಎಂದನು. ಜಿಮಿ ಅದನ್ನು ನೋಡಿದನು, ನಕ್ಕುಬಿಟ್ಟನು, ಸದ್ದು ತಗ್ಗಿಸಿದನು. ನಗುವ ಬದಲು ಆ ಕಾಗದವನ್ನೆತ್ತಿಕೊಂಡು ಹೊರಟಿದ್ದರೆ ಇಂದು ನಾವು ಈ ಲೇಖನ ಬರೆಯುತ್ತಿರಲಿಲ್ಲ.

ಆದರೆ ಚಾಂಡ್ಲರನ ಮಾತು ಅರ್ಧ ಸತ್ಯವಷ್ಟೆ. ವಾಲ್ವನ್ನು ಮಿತಿಗೆ ಒಯ್ಯದೆ ಆ ನಾದ ಹುಟ್ಟುವುದಿಲ್ಲ. ಸ್ಪೀಕರಿನ ಕಾಗದವೂ ಒದ್ದಾಡಬೇಕು. ಅಷ್ಟೇ ಅಲ್ಲ, ಸ್ಪೀಕರಿನಿಂದ ಹೊರಟ ಗಾಳಿಯ ಅಲೆ ಮತ್ತೆ ಗಿಟಾರಿನ ತಂತಿಯನ್ನು ತಟ್ಟಿ ಕಂಪಿಸುವಂತೆ ಮಾಡಿದಾಗ, ಮೀಟದೆಯೇ ಸ್ವರ ಊಳಿಡುತ್ತ ನಿಲ್ಲುತ್ತದೆ. ಸಭೆಗಳಲ್ಲಿ ಮೈಕು ಕೂಗಿಕೊಳ್ಳುವುದು ಇದೇ ಕಾರಣದಿಂದ. ಇತರರಿಗೆ ಇದು ಪೀಡೆ; ಜಿಮಿಗೆ ಅದು ಏಳನೆಯ ತಂತಿ. ಎಲ್ಲಿ ನಿಂತರೆ, ಗಿಟಾರನ್ನು ಯಾವ ಕೋನಕ್ಕೆ ತಿರುಗಿಸಿದರೆ ಯಾವ ಸ್ವರ ಕೂಗುತ್ತದೆಂಬುದನ್ನು ಆತ ಅರಿತಿದ್ದನು. ಸದ್ದು ತಗ್ಗಿಸಿದರೆ ಇದೆಲ್ಲ ಮಾಯ. ಹಾಗಾದರೆ ಮಾಡುವುದೇನು?

ಉತ್ತರ ದೊರೆತದ್ದು 1967ರ ಫೆಬ್ರವರಿಯಿಂದ ಮುಂದೆ, ಬಾರ್ನ್ಸ್ ಎಂಬಲ್ಲಿನ ಒಲಿಂಪಿಕ್ ಸ್ಟುಡಿಯೋದಲ್ಲಿ. ಅದು ಹಿಂದೆ ಸಿನಿಮಾ ಮಂದಿರವಾಗಿದ್ದ ಕಟ್ಟಡ. ಎತ್ತರದ ದೊಡ್ಡ ಕೋಣೆ. ಅಲ್ಲಿ ದಕ್ಷಿಣ ಆಫ್ರಿಕದಿಂದ ಬಂದ ಎಡ್ಡಿ ಕ್ರೇಮರ್ ಎಂಬ ತರುಣ ಇಂಜಿನಿಯರನಿದ್ದನು. ಜಿಮಿಯ ವಯಸ್ಸಿನವನೇ. ಆತನು ಜಿಮಿಯ ಸದ್ದನ್ನು ತಗ್ಗಿಸಹೋಗಲಿಲ್ಲ, ಮೈಕನ್ನು ಎಲ್ಲಿಡಬೇಕೆಂದು ಯೋಚಿಸಿದನು. ಸ್ಪೀಕರಿಗೆ ಮೈಕು ತೀರ ಹತ್ತಿರವಿದ್ದರೆ ನಾದಕ್ಕೆ ಮೈಯೂ ಮೊನೆಯೂ ಬರುತ್ತವೆ. ಕೆಲವಡಿ ದೂರ ಸರಿಸಿದರೆ ಕೋಣೆಯ ಗಾಳಿಯೂ ಬೆರೆತು ನಾದ ವಿಶಾಲವಾಗುತ್ತದೆ. ಸ್ಪೀಕರಿನ ನಡುವಿಗೆ ನೇರವಾಗಿ ಹಿಡಿದರೆ ಚುಚ್ಚುವಷ್ಟು ಹರಿತ. ಒಂದೆರಡು ಅಂಗುಲ ಅಂಚಿನತ್ತ ಸರಿಸಿದರೆ ಮೃದು. ಗಂಟಲು ಹರಿದ ಸದ್ದಿನ ಕರ್ಕಶವನ್ನು ನಯಗೊಳಿಸಲು ಆತ ಲೋಹದ ತೆಳುಪಟ್ಟಿಯಿರುವ ರಿಬ್ಬನ್ ಮೈಕುಗಳನ್ನು ಬಳಸಿದನು. ಅವು ಅತಿ ಮೇಲಿನ ಕೀರಲನ್ನು ತಾವೇ ನುಂಗಿಬಿಡುತ್ತವೆ. ಕೊನೆಗೆ ಕಿವಿಯೇ ಪ್ರಮಾಣ. ಸ್ಟುಡಿಯೋದ ಎದುರು ಕೇಳಿದ್ದಕ್ಕೂ ಒಳಗಿನ ಕೋಣೆಯಲ್ಲಿ ಟೇಪಿನಿಂದ ಕೇಳಿದ್ದಕ್ಕೂ ಅಜಗಜಾಂತರವಿರುತ್ತದೆ. ವೇದಿಕೆಯಲ್ಲಿ ಭವ್ಯವೆನಿಸುವ ಒಡಕು ಟೇಪಿನಲ್ಲಿ ಕೆಸರಾಗಿ, ಸ್ವರಗಳ ಅಂಚು ಅಳಿಸಿಹೋಗುತ್ತದೆ. ಆದುದರಿಂದ ಒಡಕು ಎಷ್ಟು ಬೇಕೋ ಅಷ್ಟೇ ಇರಬೇಕು, ಕೆಲವೊಮ್ಮೆ ಅದಕ್ಕೂ ಒಂದು ಚಿಟಿಕೆ ಕಡಮೆ.

ಜಿಮಿಯ ಜಾಣ್ಮೆ ಕಾಣುವುದು ಇಲ್ಲಿಯೇ. ಕಾಲಿನಿಂದ ಒತ್ತುವ ಫಜ್ ಫೇಸ್ ಎಂಬ ದುಂಡನೆಯ ಪೆಟ್ಟಿಗೆಯೊಂದನ್ನು ಆತ ಗಿಟಾರಿಗೂ ಆಂಪ್ಲಿಫಯರಿಗೂ ನಡುವೆ ಸೇರಿಸಿಕೊಂಡಿದ್ದನು. ಎರಡೇ ಟ್ರಾನ್ಸಿಸ್ಟರುಗಳ ಆ ಪೆಟ್ಟಿಗೆ ಸದ್ದನ್ನು ಇನ್ನಷ್ಟು ಒಡೆಯುತ್ತದೆ. ಆದರೆ ಗಿಟಾರಿನ ಮೇಲಿರುವ ಸಣ್ಣ ಗುಂಡಿಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಸಾಕು, ಅದೇ ಪೆಟ್ಟಿಗೆಯಿಂದ ಗೆಜ್ಜೆಯಂಥ ತಿಳಿದನಿ ಬರುತ್ತದೆ. ನೂರು ವಾಟ್ ಗುಡುಗನ್ನು ಆತ ಕಿರುಬೆರಳಿನಲ್ಲಿ ಆಳುತ್ತಿದ್ದನು. ಇನ್ನೊಂದು ಪೆಟ್ಟಿಗೆಯನ್ನು ರೋಜರ್ ಮೇಯರ್ ಎಂಬವನು ಮಾಡಿಕೊಟ್ಟನು. ಬ್ರಿಟಿಷ್ ನೌಕಾಖಾತೆಯ ಸಂಶೋಧನ ವಿಭಾಗದಲ್ಲಿ ಸದ್ದು ಕಂಪನಗಳನ್ನು ಅಭ್ಯಸಿಸುತ್ತಿದ್ದ ಮನುಷ್ಯ ಆತ. ಆ ಪೆಟ್ಟಿಗೆಯು ನುಡಿಸಿದ ಸ್ವರದ ಜೊತೆಗೆ ಒಂದು ಸ್ಥಾಯಿ ಮೇಲಿನ ಸ್ವರವನ್ನು ಕೂಡಿಸುತ್ತದೆ. 1967ರ ಫೆಬ್ರವರಿ 3ರಂದು 'ಪರ್ಪಲ್ ಹೇಜ್' ಹಾಡಿನ ಗಿಟಾರ್ ಭಾಗದಲ್ಲಿ ಅದು ಮೊದಲ ಬಾರಿಗೆ ಮುದ್ರಿತವಾಯಿತು. ಆ ಟೇಪನ್ನು ಅಮೆರಿಕದ ಕಂಪನಿಗೆ ಕಳಿಸುವಾಗ, ಈ ಒಡಕು ಬೇಕೆಂದೇ ಮಾಡಿದ್ದು, ತಿದ್ದಬಾರದು ಎಂಬ ಸೂಚನೆಯನ್ನು ಜೊತೆಗೆ ಕಳಿಸಬೇಕಾಯಿತು. ಅಲ್ಲಿಯ ತಜ್ಞರು ಯಂತ್ರ ಕೆಟ್ಟಿದೆಯೆಂದು ತಿಳಿದು ರಿಪೇರಿ ಮಾಡಿಬಿಟ್ಟಾರೆಂಬ ಭಯ! ಒಂದು ಕಾಗದದ ಚೂರಿನ ಮೇಲೆ ಒಂದು ಹೊಸ ಸಂಗೀತದ ಹಣೆಬರಹ ನಿಂತಿತ್ತು.

ಇಂದು ನೂರಾರು ಟ್ರ್ಯಾಕುಗಳ ಗಣಕಯಂತ್ರಗಳಿವೆ. ಕ್ರೇಮರನಿಗೆ ಇದ್ದದ್ದು ನಾಲ್ಕೇ ಟ್ರ್ಯಾಕಿನ ಟೇಪು ಯಂತ್ರ. ಡ್ರಮ್ಮಿಗೆ ಎರಡು, ಬಾಸ್ ಗಿಟಾರಿಗೆ ಒಂದು, ಜಿಮಿಗೆ ಒಂದು. ಅಲ್ಲಿಗೆ ನಾಲ್ಕೂ ಭರ್ತಿ. ಆ ನಾಲ್ಕನ್ನು ಬೆರೆಸಿ ಇನ್ನೊಂದು ಯಂತ್ರದ ಎರಡು ಟ್ರ್ಯಾಕುಗಳಿಗೆ ಇಳಿಸಿಕೊಂಡರೆ ಮತ್ತೆರಡು ತೆರವಾಗುತ್ತವೆ. ಅವುಗಳಲ್ಲಿ ಹಾಡು ಮತ್ತು ಇನ್ನೊಂದು ಗಿಟಾರು. ಹೀಗೆ ಇಳಿಸುವಾಗ ಮಾಡಿದ ಬೆರಕೆಯನ್ನು ಮತ್ತೆ ಬಿಡಿಸಲಾಗದು. ಒಗ್ಗರಣೆಗೆ ಬಿದ್ದ ಸಾಸಿವೆಯನ್ನು ಆರಿಸಿ ತೆಗೆಯಲಾದೀತೆ? ಗಿಟಾರಿನ ನಾದ ಹುಟ್ಟುವಾಗಲೇ ಸರಿಯಾಗಿರಬೇಕಿತ್ತು. ಜಿಮಿ ಗಿಟಾರಿನಲ್ಲಿ ಸಿಂಹ. ಹಾಡುವುದಕ್ಕೆ ಮಾತ್ರ ಬಹಳ ನಾಚಿಕೆ. ತನ್ನ ಕಂಠ ಚೆನ್ನಾಗಿಲ್ಲವೆಂದು ತಿಳಿದು, ಯಾರಿಗೂ ಕಾಣದಂತೆ ಮರೆ ಕಟ್ಟಿಸಿಕೊಂಡು ಹಾಡುತ್ತಿದ್ದನು.

1967ರ ಮೇ 12ರಂದು 'ಆರ್ ಯು ಎಕ್ಸ್‌ಪೀರಿಯನ್ಸ್ಡ್' ಎಂಬ ಮೊದಲ ದೊಡ್ಡ ತಟ್ಟೆ ಇಂಗ್ಲೆಂಡಿನಲ್ಲಿ ಹೊರಬಂದಿತು. ಅದೇ ವರ್ಷ ಡಿಸೆಂಬರ್ 1ರಂದು ಎರಡನೆಯದು. ಈ ಎರಡನೆಯದರ ಒಂದು ಬದಿಯ ಸಿದ್ಧ ಟೇಪನ್ನು ಜಿಮಿ ಲಂಡನ್ನಿನ ಟ್ಯಾಕ್ಸಿಯೊಂದರಲ್ಲಿ ಮರೆತು ಇಳಿದುಬಿಟ್ಟನು. ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಹೊಸದಾಗಿ ಬೆರೆಸಬೇಕಾಯಿತು. ಒಂದು ಹಾಡಿನ ಮೊದಲಿನ ಹದ ಎಷ್ಟು ಪ್ರಯತ್ನಿಸಿದರೂ ಬಾರದೆ, ಬಾಸ್ ವಾದಕ ನೋಯೆಲ್ ರೆಡಿಂಗನ ಬಳಿಯಿದ್ದ ಮುದುಡಿದ ಪ್ರತಿಯನ್ನು ತರಿಸಿ, ಟೇಪಿಗೆ ಇಸ್ತ್ರಿ ಹಾಕಿ ಬಳಸಿದರು!

ಈ ನಡುವೆ, ಜೂನ್ 18ರಂದು, ಕ್ಯಾಲಿಫೋರ್ನಿಯದ ಮಾಂಟರೆಯಲ್ಲಿ ನಡೆದ ಸಂಗೀತೋತ್ಸವದಲ್ಲಿ ಜಿಮಿ ನುಡಿಸಿದನು. ಅದೇ ದಿನ ಮಧ್ಯಾಹ್ನ ಅದೇ ವೇದಿಕೆಯಲ್ಲಿ ನಮ್ಮ ಪಂಡಿತ ರವಿಶಂಕರರು ಉಸ್ತಾದ್ ಅಲ್ಲಾ ರಖಾ ಅವರ ತಬಲಾದೊಡನೆ ಸಿತಾರ್ ನುಡಿಸಿದ್ದರು. ರಾತ್ರಿ ಜಿಮಿ ತನ್ನ ವಾದನದ ಕೊನೆಗೆ ಗಿಟಾರಿನ ಮೇಲೆ ಎಣ್ಣೆ ಚಿಮುಕಿಸಿ ಬೆಂಕಿಯಿಟ್ಟನು. ಆ ಚಿತ್ರವೇ ಆತನನ್ನು ಅಮೆರಿಕದಲ್ಲಿ ಮನೆಮಾತು ಮಾಡಿತು. ರವಿಶಂಕರರಾದರೋ ಅದನ್ನು ಕಂಡು ಮನನೊಂದರು. ಮಹಾನವಮಿಯಂದು ವಾದ್ಯಕ್ಕೆ ಕುಂಕುಮವಿಟ್ಟು ಕೈಮುಗಿಯುವ ನಾಡಿನವರಾದ ನಮಗೂ ಅದು ಹಿಡಿಸುವುದಿಲ್ಲ. ಒಂದೇ ತಂತಿಯ ಮುರುಕು ವಾದ್ಯವನ್ನು ಎದೆಗವಚಿಕೊಂಡ ಹುಡುಗನೇ ಹೀಗೆ ಮಾಡಿದನಲ್ಲಾ ಎಂದು ವ್ಯಥೆಯೆನಿಸುತ್ತದೆ. ಆದರೆ ಆ ಬೆಂಕಿಯನ್ನೇ ನೋಡುತ್ತ ಕುಳಿತು ಆತನ ನಾದವನ್ನು ಕೇಳದೆ ಬಿಡುವುದೂ ಅನ್ಯಾಯವೇ.

1968ರ 'ಎಲೆಕ್ಟ್ರಿಕ್ ಲೇಡಿಲ್ಯಾಂಡ್' ಹೆಚ್ಚಾಗಿ ನ್ಯೂಯಾರ್ಕಿನಲ್ಲಿ ಮುದ್ರಿತವಾಯಿತು. ಅಷ್ಟರಲ್ಲಿ ಟ್ರ್ಯಾಕುಗಳು ಹನ್ನೆರಡಾಗಿದ್ದವು. ಜಿಮಿಯ ತೃಪ್ತಿ ಮಾತ್ರ ಅದಕ್ಕಿಂತ ದೂರ ಹೋಗಿತ್ತು. ಒಂದು ಹಾಡನ್ನು ನಲವತ್ತಕ್ಕೂ ಹೆಚ್ಚು ಸಲ ನುಡಿಸಿದರೂ ಆತನಿಗೆ ಸರಿಬರಲಿಲ್ಲ. ಸ್ಟುಡಿಯೋದೊಳಗೆ ಕಂಡಕಂಡ ಗೆಳೆಯರ ಸಂತೆ. ಬೇಸತ್ತ ಚಾಂಡ್ಲರನು ಕೈತೊಳೆದುಕೊಂಡು ಹೊರಟುಹೋದನು. ಗದರಿಸಿ ಹೇಳಬಲ್ಲ ಒಬ್ಬ ಹಿರಿಯನು ಹೀಗೆ ಜಿಮಿಯ ಬಾಳಿನಿಂದ ಮರೆಯಾದುದು ದೊಡ್ಡ ನಷ್ಟವೆಂದೇ ನಮ್ಮ ಅಭಿಪ್ರಾಯ.

1969ರ ಆಗಸ್ಟ್ 18, ಸೋಮವಾರ ಬೆಳಗ್ಗೆ. ನ್ಯೂಯಾರ್ಕ್ ರಾಜ್ಯದ ಬೆಥೆಲ್ ಎಂಬಲ್ಲಿನ ಹೊಲವೊಂದರಲ್ಲಿ ವುಡ್‌ಸ್ಟಾಕ್ ಉತ್ಸವ ಮುಗಿಯುತ್ತಿತ್ತು. ನಾಲ್ಕು ಲಕ್ಷಕ್ಕೂ ಮೀರಿ ಸೇರಿದ್ದ ಜನರಲ್ಲಿ ಬಹುಪಾಲು ಹೊರಟುಹೋಗಿದ್ದರು. ಉಳಿದವರ ಮುಂದೆ ಜಿಮಿ ಅಮೆರಿಕದ ರಾಷ್ಟ್ರಗೀತೆಯನ್ನು ಗಿಟಾರಿನಲ್ಲಿ ನುಡಿಸಿದನು. ಧಾಟಿ ಗುರುತು ಸಿಗುವಂತೆಯೇ ಇತ್ತು. ಆದರೆ ನಡುನಡುವೆ ಬಾಂಬು ಬೀಳುವ ಸದ್ದು, ವಿಮಾನಗಳ ಸದ್ದು, ಜನರ ಆಕ್ರಂದನ, ಎಲ್ಲವೂ ಆ ಒಡೆದ ದನಿಯಿಂದಲೇ ಹೊರಟವು. ಆಗ ವಿಯಟ್ನಾಮಿನಲ್ಲಿ ಯುದ್ಧ ನಡೆಯುತ್ತಿತ್ತು. ನುಡಿಸುತ್ತಿದ್ದವನು ಸ್ವತಃ ಆ ಸೈನ್ಯದಲ್ಲಿದ್ದು ಬಂದವನು. ಒಂದೂ ಮಾತಿಲ್ಲದೆ ಅಷ್ಟನ್ನು ಹೇಳಲು ತಿಳಿದನಿಗೆ ಸಾಧ್ಯವಿರಲಿಲ್ಲ. ಒಡೆದ ಕಾಲವನ್ನು ಹಾಡಲು ಒಡೆದ ದನಿಯೇ ಬೇಕಾಯಿತು. ವೇದಿಕೆಯ ಪಕ್ಕದಲ್ಲಿ ಅದನ್ನು ಮುದ್ರಿಸಿಕೊಳ್ಳುತ್ತಿದ್ದವನು ಅದೇ ಎಡ್ಡಿ ಕ್ರೇಮರ್.

ಬಾಡಿಗೆಯ ಸ್ಟುಡಿಯೋಗಳಿಗೆ ಹಣ ಸುರಿದು ಸಾಕಾಗಿ ಜಿಮಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ತನ್ನದೇ ಸ್ಟುಡಿಯೋ ಕಟ್ಟಿಸಿದನು. ನೆಲದಡಿ ಹಳೆಯ ತೊರೆಯೊಂದು ಹರಿಯುತ್ತಿದ್ದು ನೀರು ಉಕ್ಕಿ ಕೆಲಸ ತಡವಾಯಿತು, ವೆಚ್ಚ ಏರಿತು. ಅಂತೂ 1970ರ ಆಗಸ್ಟ್ 26ರಂದು ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋದ ಪ್ರಾರಂಭೋತ್ಸವವಾಯಿತು. ಬೇಕಾದಷ್ಟು ಜೋರು, ಬೇಕಾದಷ್ಟು ಹೊತ್ತು, ಕೇಳುವವರಿಲ್ಲ! ಮರುದಿನಗಳಲ್ಲೇ ಕಚೇರಿಗಳಿಗಾಗಿ ಯುರೋಪಿಗೆ ಹೊರಟವನು ತಿರುಗಿ ಬರಲಿಲ್ಲ. ಸಪ್ಟೆಂಬರ್ 18ರಂದು ಲಂಡನ್ನಿನಲ್ಲಿ, ನಿದ್ರೆಯ ಗುಳಿಗೆಗಳನ್ನು ಮಿತಿಮೀರಿ ನುಂಗಿದ ಸ್ಥಿತಿಯಲ್ಲಿ, ವಾಂತಿ ಉಸಿರಿಗೆ ಸಿಕ್ಕಿ ತೀರಿಕೊಂಡನು. ಮಾದಕ ವಸ್ತುಗಳ ಅಭ್ಯಾಸ ಆತನಿಗೂ ಆ ಕಾಲದ ಆತನ ಸಂಗಡಿಗರಿಗೂ ಇತ್ತೆಂಬುದನ್ನು ನಾವು ಮಕ್ಕಳಿಂದ ಮುಚ್ಚಿಡುವುದಿಲ್ಲ. ವಾಲ್ವಿನ ಮಿತಿಯನ್ನು ಕೂದಲೆಳೆಯಷ್ಟು ನಿಖರವಾಗಿ ಬಲ್ಲವನಿಗೆ ದೇಹದ ಮಿತಿ ತಿಳಿಯದೆ ಹೋಯಿತು.

ಸಿಯಾಟಲಿಗೆ ಹತ್ತಿರದ ರೆಂಟನ್ ಊರಿನಲ್ಲಿ ಆತನ ಸಮಾಧಿಯಿದೆ. ಟೇಪುಗಳು ಮಾತ್ರ ಉಳಿದವು. ಅವುಗಳ ಹಕ್ಕಿಗಾಗಿ ವಕೀಲರ ನಡುವೆ ವರ್ಷಾನುಗಟ್ಟಲೆ ವ್ಯಾಜ್ಯ ನಡೆದು, 1995ರಲ್ಲಿ ಅವು ತಂದೆ ಆಲ್ ಹೆಂಡ್ರಿಕ್ಸನ ಕೈಗೆ ಬಂದವು. ಮುದುಕನಿಗೆ ಆಗ ಎಪ್ಪತ್ತಾರು ವರ್ಷ. ಆತನು ಎಡ್ಡಿ ಕ್ರೇಮರನನ್ನೇ ಕರೆಸಿ ಕೆಲಸ ಒಪ್ಪಿಸಿದನು. ಮಗನು ಹೊಸ ಸ್ಟುಡಿಯೋದಲ್ಲಿ ಅರ್ಧಕ್ಕೆ ಬಿಟ್ಟುಹೋಗಿದ್ದ ಹಾಡುಗಳನ್ನು ಜೋಡಿಸಿದ ತಟ್ಟೆ 1997ರಲ್ಲಿ ಹೊರಬಂದಿತು. ಒಡಕನ್ನು ತಿದ್ದಬಾರದೆಂಬ ಸೂಚನೆಯನ್ನು ಈ ಸಲ ಯಾರೂ ಬರೆಯಬೇಕಾಗಲಿಲ್ಲ.